ಉಪ್ಪು ತಿಂದ ಗಾಡಿಗೆ ನೀರು ಕುಡಿಸುವುದು

ನನ್ನ ಮೊದಲನೇ ಪಿಕಪ್ ಕೈಕೊಟ್ಟಿದ್ದು ಇಂಡಿಯನ್ ಗ್ರೋಸರಿ ಅಂಗಡಿಯೊಂದರ ಪಾರ್ಕಿಂಗಿನಲ್ಲಿ. ಹಿಂದೆ ಎರಡು ಚೀಲ ಸೋನಾ ಮಸೂರಿ ಹಾಕಿಕೊಂಡು ರಿವರ್ಸ್ ತೆಗೆದೆ, ಬ್ರೇಕ್ ಒತ್ತಿದೆ, ಪೆಡಲ್ ಸೀದಾ ನೆಲಕ್ಕೆ ಹೋಯಿತು. ಪುಣ್ಯಕ್ಕೆ ಹಿಂದೆ ಗುಡ್ಡೆ ಹಾಕಿದ ಹಿಮ ಇತ್ತು. ಗಾಡಿ ಅದಕ್ಕೆ ಒರಗಿ ನಿಂತಿತು. ಇಳಿದು ಬಗ್ಗಿ ನೋಡಿದರೆ ಬ್ರೇಕ್ ಆಯಿಲ್ ತೊಟ್ಟಿಕ್ಕಿ ಬಿಳಿ ಹಿಮದ ಮೇಲೆ ಚಹಾ ಚೆಲ್ಲಿದ ಹಾಗೆ ಕಲೆ. ಅದಕ್ಕೆ ಕಾಲು ಗಂಟೆ ಮೊದಲು ನಾನು ಹೆದ್ದಾರಿಯಲ್ಲಿ 70 ಮೈಲಿ ವೇಗದಲ್ಲಿ ಬಂದಿದ್ದೆ, ಹೆಂಡತಿ ಮಗಳು ಇಬ್ಬರೂ ಪಕ್ಕದಲ್ಲೇ ಇದ್ದರು. ಆ ರಾತ್ರಿ ನಿದ್ದೆ ಬರಲಿಲ್ಲ.

ಮೆಕ್ಯಾನಿಕ್ ಗಾಡಿಯನ್ನು ಲಿಫ್ಟಿಗೆ ಏರಿಸಿ ನನ್ನನ್ನು ಅಡಿಗೆ ಕರೆದ. ಪೆಟ್ರೋಲ್ ಟ್ಯಾಂಕಿನ ಮೇಲಿಂದ ಹಾದುಹೋಗುವ ಬ್ರೇಕ್ ಪೈಪು ತುಕ್ಕು ಹಿಡಿದು ಒಡೆದಿತ್ತು. ಅದು ದೊಡ್ಡ ವಿಷಯ ಅಲ್ಲ, ಪೈಪು ಬದಲಾಯಿಸಬಹುದು. ಆಮೇಲೆ ಅವನು ಗಾಡಿಯನ್ನು ಹೊತ್ತ ಉಕ್ಕಿನ ಚೌಕಟ್ಟಿಗೆ, ಅಂದರೆ ಚಾಸಿಗೆ, ಸ್ಕ್ರೂಡ್ರೈವರ್ ಒತ್ತಿದ. ಅದು ಹಪ್ಪಳಕ್ಕೆ ಬೆರಳು ಹಾಕಿದ ಹಾಗೆ ಒಳಗೆ ಹೋಯಿತು. ಮೇಲಿಂದ ನೋಡಿದರೆ ಗಾಡಿ ಫಳಫಳ ಹೊಳೆಯುತ್ತಿತ್ತು ನೋಡಿ! ಎರಡು ವಾರಕ್ಕೊಮ್ಮೆ ತೊಳೆಸುತ್ತಿದ್ದೆ ನಾನು. ಮೇಲೆ ಮಾತ್ರ.

ನಾಚಿಕೆಯಾಗಿದ್ದು ಯಾಕೆ ಅಂದರೆ ನಾನು ಮಲ್ಪೆಯ ಮೀನಿನ ಟೆಂಪೋ ಡ್ರೈವರ್ ಮಗ. ಅಪ್ಪಯ್ಯ ದಿನಾ ಸಂಜೆ ಟ್ರಿಪ್ ಮುಗಿಸಿ ಬಂದ ಮೇಲೆ ಊಟಕ್ಕೂ ಮೊದಲು ಬಾವಿ ನೀರಿನಲ್ಲಿ ಟೆಂಪೋದ ಅಡಿ ತೊಳೆಯುತ್ತಿದ್ದರು. ಮೇಲೆ ವಾರಕ್ಕೊಮ್ಮೆ ಬಟ್ಟೆ ತಾಗಿಸಿದರೆ ಆಯಿತು. ಐಸು ಕರಗಿದ ಮೀನಿನ ನೀರು ಉಪ್ಪುಪ್ಪು, ಅದು ಸಂದಿಯಲ್ಲಿ ನಿಂತರೆ ಗಾಡಿ ಮೂರು ಮಳೆಗಾಲ ನೋಡುವುದಿಲ್ಲ ಅಂತ ಅವರ ಲೆಕ್ಕ. ಉಪ್ಪು ತಿಂದವನು ನೀರು ಕುಡಿಯಲೇಬೇಕು ಅಂತಾರಲ್ಲ, ಅವರ ಪ್ರಕಾರ ಅದು ಟೆಂಪೋಗೆ ಹೇಳಿದ ಗಾದೆ. ಇಷ್ಟೆಲ್ಲ ನೋಡಿ ಬೆಳೆದವನು ಅಮೆರಿಕದ ಡೆಟ್ರಾಯಿಟ್ ಪಕ್ಕ ಬಂದು ಮನೆ ಮಾಡಿ, ಚಳಿ ದೇಶದಲ್ಲಿ ಸಮುದ್ರ ಎಲ್ಲಿದೆ ಅಂತ ಸುಮ್ನೆ ಇದ್ದೆ.

ಸಮುದ್ರ ಕಾಲ ಕೆಳಗೇ ಇದೆ. ಡೆಟ್ರಾಯಿಟ್ ನಗರದ ಅಡಿಯಲ್ಲಿ ಸುಮಾರು 1,200 ಅಡಿ ಆಳದಲ್ಲಿ ಉಪ್ಪಿನ ಗಣಿ ಇದೆ, ಯಾವುದೋ ಕಾಲದಲ್ಲಿ ಬತ್ತಿಹೋದ ಸಮುದ್ರದ ಉಪ್ಪು. ಅದನ್ನು ಅಗೆದು ತಂದು, ಹಿಮ ಕರಗಲಿ ಅಂತ ಚಳಿಗಾಲ ಪೂರ್ತಿ ರಸ್ತೆಗೆ ಸುರಿಯುತ್ತಾರೆ. ಹಿಮ ಬೀಳುವ ಮೊದಲೇ ಟ್ಯಾಂಕರಿನಲ್ಲಿ ಉಪ್ಪುನೀರು ಬಿಟ್ಟುಕೊಂಡು ಹೋಗುತ್ತಾರೆ, ರಸ್ತೆಯುದ್ದಕ್ಕೂ ಬಿಳಿ ಗೆರೆಗಳು. ಅದು ರಸ್ತೆಗೆ ಅಂಟಲಿ ಅಂತ ಕೆಲವು ಕಡೆ ಬೀಟ್ ರಸ ಬೆರೆಸುತ್ತಾರೆ. ನಮ್ಮ ಪಲ್ಯದ ಕೆಂಪು ಬೀಟ್‌ರೂಟ್ ಅಲ್ಲ, ಸಕ್ಕರೆ ತೆಗೆಯುವ ಬಿಳಿ ಬೀಟ್. ರಸ್ತೆಗೆ ಅಂಟುವುದು ಗಾಡಿಗೂ ಅಂಟುತ್ತದೆ, ಅಲ್ವಾ?

ತೊಳೆಯುವ ದಿನ ಆರಿಸುವುದಕ್ಕೆ ಒಂದು ಲೆಕ್ಕ ಗೊತ್ತಿರಬೇಕು. ಬರೀ ನೀರು ಸೊನ್ನೆ ಡಿಗ್ರಿಗೆ ಗಟ್ಟಿಯಾಗುತ್ತದೆ. ಗಾಢವಾದ ಉಪ್ಪುನೀರು ಮೈನಸ್ 21ರ ತನಕವೂ ನೀರಾಗಿಯೇ ಇರಬಲ್ಲದು. ಅಂದರೆ ಸುತ್ತ ಎಲ್ಲ ಹೆಪ್ಪುಗಟ್ಟಿದ್ದರೂ ಚಾಸಿಯ ಮೇಲೆ ತೆಳ್ಳಗೆ ಒದ್ದೆ ಇದ್ದೇ ಇರುತ್ತದೆ, ತುಕ್ಕಿಗೆ ಅಷ್ಟು ಸಾಕು. ಹೆಚ್ಚು ಚಳಿ ಇರುವಾಗ ಬಳಸುವ ಕ್ಯಾಲ್ಸಿಯಂ ಕ್ಲೋರೈಡ್, ಮೆಗ್ನೀಸಿಯಂ ಕ್ಲೋರೈಡ್ ಇನ್ನೂ ಹಠಮಾರಿಗಳು. ಅಡುಗೆ ಉಪ್ಪು ಗಾಳಿಯ ತೇವ ಶೇಕಡಾ 75ರ ಆಸುಪಾಸು ಬಂದರೆ ಮಾತ್ರ ನೀರೊಡೆಯುತ್ತದೆ. ಇವಕ್ಕೆ ಶೇಕಡಾ 30ರ ಸುತ್ತಮುತ್ತ ಇದ್ದರೂ ಆಯಿತು, ಒಣ ಬಿಸಿಲಿನ ದಿನವೂ ಗಾಳಿಯಿಂದ ನೀರು ಎಳೆದುಕೊಂಡು ಒದ್ದೆಯಾಗಿ ಕೂತಿರುತ್ತವೆ. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಡಬ್ಬಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ತುಕ್ಕಿಗೆ ಸೆಖೆ ಇಷ್ಟ. ಮೈನಸ್ 15ರಲ್ಲಿ ಅದು ನಿಧಾನ, ಸೊನ್ನೆ ದಾಟಿದ ಕೂಡಲೇ ಚುರುಕು. ಹಾಗಾಗಿ ಗಾಡಿ ಬೆಳ್ಳಗೆ ಕಂಡ ತಕ್ಷಣ ತೊಳೆಯಲು ಓಡಬೇಕಾಗಿಲ್ಲ. ತೀರಾ ಚಳಿಯ ವಾರ ಪೂರ್ತಿ ನಾನು ಮುಟ್ಟುವುದೇ ಇಲ್ಲ. ಹವಾಮಾನ ನೋಡಿಕೊಂಡು 40 ಡಿಗ್ರಿ ಫ್ಯಾರನ್‌ಹೀಟ್, ನಮ್ಮ ಲೆಕ್ಕದಲ್ಲಿ 4 ಡಿಗ್ರಿ ಮುಟ್ಟುವ ದಿನ ಬೆಳಿಗ್ಗೆ 11ಕ್ಕೆ ಹೊರಡುತ್ತೇನೆ. ಸಂಜೆಯೊಳಗೆ ಗಾಡಿ ಒಣಗಬೇಕು. ಉಪ್ಪು ಮೆತ್ತಿದ ಗಾಡಿಯನ್ನು ಹಾಗೇ ತಂದು ಹೀಟರ್ ಇರುವ ಗ್ಯಾರೇಜಿನಲ್ಲಿ ನಿಲ್ಲಿಸುವುದು ಎಲ್ಲಕ್ಕಿಂತ ಕೆಟ್ಟದ್ದು. ಅದರ ಬದಲು ಹೊರಗೆ ಚಳಿಯಲ್ಲೇ ಬಿಡಿ.

ಈ ಬುದ್ಧಿ ಬರುವ ಮೊದಲು ಒಂದು ಭಾನುವಾರ ಒಳ್ಳೆ ಬಿಸಿಲು ಅಂತ ಮೈನಸ್ 12ರಲ್ಲಿ ತೊಳೆದಿದ್ದೆ. ಮನೆ ಮುಟ್ಟುವಷ್ಟರಲ್ಲಿ ನಾಲ್ಕೂ ಬಾಗಿಲು ಸೀಲು. ಒಳಗಿನಿಂದ ಭುಜ ಕೊಟ್ಟು ತಳ್ಳಿ ಇಳಿದೆ. ಹಿಂದಿನ ಟೈಲ್‌ಗೇಟ್ ಹಿಡಿಕೆ ಜೋರಾಗಿ ಎಳೆದೆ, ಅದು ಕೈಗೇ ಬಂತು. ಈಗ ನವೆಂಬರಿನಲ್ಲೇ ಬಾಗಿಲಿನ ರಬ್ಬರಿಗೆಲ್ಲ ಸಿಲಿಕೋನ್ ಗ್ರೀಸ್ ತೆಳ್ಳಗೆ ಸವರಿ ಇಡುತ್ತೇನೆ.

ಈಗ ತೊಳೆಯುವ ವಿಷಯ. ಹಿಮ ಬಿದ್ದು ರಸ್ತೆ ಒಣಗಿದ ಮೇಲೆ ಹತ್ತು ಹನ್ನೆರಡು ದಿನಕ್ಕೊಮ್ಮೆ ಅಡಿಯಿಂದ ನೀರು ಹೊಡೆಯುವ ಆಟೋಮ್ಯಾಟಿಕ್ ವಾಶ್‌ಗೆ ಹೋಗುತ್ತೇನೆ. ಅದು ಬರೀ ಮುಖ ತೊಳೆದ ಹಾಗೆ. ತಿಂಗಳಿಗೊಮ್ಮೆ ನಾವೇ ನೀರಿನ ಗನ್ ಹಿಡಿದು ತೊಳೆಯುವ ಜಾಗಕ್ಕೆ ಹೋಗುವುದೇ ನಿಜವಾದ ಸ್ನಾನ. ಊರಿನ ವಾಟರ್ ಸರ್ವಿಸ್ ಇದ್ದ ಹಾಗೆ, ಆದರೆ ಇಲ್ಲಿ ಹುಡುಗರಿಲ್ಲ, ಕಾರ್ಡ್ ಉಜ್ಜಿ ನಾವೇ ಮಾಡಬೇಕು. ಮಳೆ ಪ್ಯಾಂಟು, ಗಮ್‌ಬೂಟು, ರಬ್ಬರ್ ಗ್ಲೌಸ್ ಬೇಕೇ ಬೇಕು. ನೀರು ಮುಖಕ್ಕೆ ವಾಪಸ್ ಹಾರುತ್ತದೆ, ಬಾಯಿ ಮುಚ್ಚಿಕೊಂಡಿರಿ. ನಾನು ರುಚಿ ನೋಡಿದ್ದೇನೆ, ಮಲ್ಪೆ ನೀರಿಗಿಂತ ಜಾಸ್ತಿ ಉಪ್ಪು.

ಸೋಪು ಆಮೇಲೆ. ಮೊದಲು ಬರೀ ನೀರು, ಅದೂ ಕೆಳಗಿನಿಂದ. ಮುಂದಿನ ಚಕ್ರವನ್ನು ಪೂರ್ತಿ ಒಂದು ಕಡೆಗೆ ತಿರುಗಿಸಿ ನಿಲ್ಲಿಸಿದರೆ ಮಡ್‌ಗಾರ್ಡ್ ಒಳಗೆ ಗನ್ ಚೆನ್ನಾಗಿ ಹೋಗುತ್ತದೆ. ಆಮೇಲೆ ಬಾಗಿಲ ಕೆಳಗಿನ ಅಂಚು. ಅಲ್ಲಿ ನೀರು ಇಳಿಯಲು ಸಣ್ಣ ತೂತುಗಳಿರುತ್ತವೆ, ಅವು ಮುಚ್ಚಿದ್ದರೆ ಬಾಗಿಲು ಒಳಗಿನಿಂದಲೇ ಕೊಳೆಯುತ್ತದೆ, ನಾನು ಒಂದು ಹಲ್ಲುಕಡ್ಡಿ ಜೇಬಿನಲ್ಲಿಟ್ಟಿರುತ್ತೇನೆ. ಹಿಂದಿನ ಚಕ್ರದ ಕಮಾನಿನ ಒಳಅಂಚಿಗೆ ಬೆರಳು ಹಾಕಿ ನೋಡಿ, ಅಲ್ಲೊಂದು ಮಡಿಕೆ ಇದೆ, ಅದರ ತುಂಬ ಒದ್ದೆ ಕೆಸರು. ಪಿಕಪ್‌ಗಳಲ್ಲಿ ಮೊದಲು ತೂತು ಬೀಳುವ ಜಾಗಗಳಲ್ಲಿ ಅದೂ ಒಂದು.

ಚಾಸಿಗೆ ಜಾಸ್ತಿ ಹೊತ್ತು ಕೊಡುತ್ತೇನೆ. ಹೆಚ್ಚಿನ ಪಿಕಪ್‌ಗಳ ಚಾಸಿ ಡಬ್ಬಿಯ ಹಾಗೆ ನಾಲ್ಕೂ ಕಡೆ ಮುಚ್ಚಿದ ಉಕ್ಕು, ಅಲ್ಲಲ್ಲಿ ತೂತುಗಳು. ಉಪ್ಪುನೀರು ಆ ತೂತಿನಲ್ಲಿ ಒಳಹೋಗುತ್ತದೆ, ಹೊರಬರಲು ದಾರಿ ಮರೆಯುತ್ತದೆ. ಮುಂದಿನ ತೂತಿಗೆ ಗನ್ ಮೂತಿ ಇಟ್ಟು ನೀರು ಬಿಟ್ಟರೆ ಹಿಂದಿನ ತೂತಿನಿಂದ ಮೊದಲು ಕಾಫಿ ಡಿಕಾಕ್ಷನ್ ಬರುತ್ತದೆ, ಆಮೇಲೆ ಹಾಲು ಹಾಕಿದ ಕಾಫಿ, ಆಮೇಲೆ ತಿಳಿ ನೀರು. ತಿಳಿ ನೀರು ಬರುವ ತನಕ ಬಿಡುವುದಿಲ್ಲ. ಪೆಟ್ರೋಲ್ ಟ್ಯಾಂಕಿನ ಮೇಲಿನ ಸಂದಿಗೆ ಮೊದಲ ಸಲ ಹೊಡೆದಾಗ ಇಡ್ಲಿ ಗಾತ್ರದ ಕೆಸರಿನ ಉಂಡೆಗಳು ಪಟಪಟ ಬಿದ್ದವು. ನನ್ನ ಹಳೇ ಗಾಡಿಯ ಬ್ರೇಕ್ ಪೈಪು ಅಂಥ ಹಾಸಿಗೆಯ ಮೇಲೆ ಎಷ್ಟು ವರ್ಷ ಮಲಗಿತ್ತೋ. ಈಗಿನ ಗಾಡಿಗೆ ತಾಮ್ರ-ನಿಕ್ಕಲ್ ಪೈಪು ಹಾಕಿಸಿದ್ದೇನೆ, ಅದಕ್ಕೆ ತುಕ್ಕಿನ ಭಯ ಇಲ್ಲ. ಇದು ನನ್ನೊಬ್ಬನ ಕಥೆಯೂ ಅಲ್ಲ. 2015ರಲ್ಲಿ ಅಮೆರಿಕದ ವಾಹನ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎ ಹಳೇ ಗಾಡಿಗಳ ಬ್ರೇಕ್ ಪೈಪಿನ ತುಕ್ಕಿನ ಬಗ್ಗೆ ಎಚ್ಚರಿಕೆ ಕೊಟ್ಟು, ಚಳಿಗಾಲದಲ್ಲಿ ಗಾಡಿಯ ಅಡಿಯನ್ನು ಆಗಾಗ ತೊಳೆಯಿರಿ ಅಂತ ಹೇಳಿತ್ತು.

ಗೆಳೆಯನೊಬ್ಬ ನನ್ನದು ಫೋರ್ಡ್ ಎಫ್-150, 2015ರ ಮಾಡೆಲಿನಿಂದ ಬಾಡಿ ಅಲ್ಯೂಮಿನಿಯಂ, ನನಗೇನು ಚಿಂತೆ ಅಂದ. ಬಾಡಿ ಅಲ್ಯೂಮಿನಿಯಂ ಹೌದು ಮಾರಾಯ, ಚಾಸಿ ಉಕ್ಕೇ ಅಂದೆ. ಬಗ್ಗಿ ನೋಡಿ ಸುಮ್ಮನಾದ.

ಮೇಲಿನ ಭಾಗ ಸುಲಭ, ಮೇಲಿಂದ ಕೆಳಗೆ ನೀರು, ಸೋಪು, ನೀರು. ಅಲ್ಲೇ ಇಟ್ಟಿರುವ ಬ್ರಷ್ ಮಾತ್ರ ಮುಟ್ಟಬೇಡಿ, ಹಿಂದಿನವನ ಗಾಡಿಯ ಮರಳು ಅದರಲ್ಲಿರುತ್ತದೆ. ತಣ್ಣಗಿನ ಗಾಜಿಗೆ ಬಿಸಿ ನೀರು ಸುರಿಯಬೇಡಿ, ಸೀಳುತ್ತದೆ. ಮುಗಿದ ಮೇಲೆ ಬಾಗಿಲ ಸಂದಿ ಒರೆಸಿ, ಒಂದು ಹತ್ತು ನಿಮಿಷ ಓಡಿಸಿ ನಾಲ್ಕೈದು ಸಲ ಬ್ರೇಕ್ ಹಾಕಿದರೆ ಡಿಸ್ಕ್ ಒಣಗುತ್ತದೆ. ರಾತ್ರಿ ಚಳಿ ಇದ್ದರೆ ಹ್ಯಾಂಡ್‌ಬ್ರೇಕ್ ಎಳೆಯಬೇಡಿ, ಹಿಡಿದುಕೊಳ್ಳಬಹುದು.

ಇನ್ನೊಂದು ದಡ್ಡತನ ಹೇಳಿಬಿಡುತ್ತೇನೆ. ಖಾಲಿ ಪಿಕಪ್‌ನ ಹಿಂಭಾಗ ಹಗುರ, ಹಿಮದಲ್ಲಿ ಜಾರುತ್ತದೆ, ಅದಕ್ಕೆ ಎಲ್ಲರೂ ಹಿಂದೆ ಮರಳಿನ ಮೂಟೆ ಹಾಕುತ್ತಾರೆ. ಹೇಗೂ ಮನೆ ಮುಂದೆ ಹಾಕಲು ಬೇಕಲ್ಲ ಅಂತ ನಾನು ಉಪ್ಪಿನ ಮೂಟೆಯನ್ನೇ ಹಾಕಿಕೊಂಡು ತಿರುಗಿದೆ. ಒಂದು ಮೂಟೆ ಹರಿದು, ಹಿಂದೆ ಸಾಮಾನು ಹಾಕುವ ಜಾಗಕ್ಕೆ ಹಾಸಿದ ಪ್ಲಾಸ್ಟಿಕ್ ಲೈನರ್ ಅಡಿಗೆ ಉಪ್ಪು ಸೇರಿಕೊಂಡು, ಮಾರ್ಚಿನಲ್ಲಿ ಲೈನರ್ ಎತ್ತಿದರೆ ಉಪ್ಪಿನಕಾಯಿ ಭರಣಿ ತೆಗೆದ ಹಾಗಿತ್ತು. ಗಾಡಿಗೆ ಹೊರಗಿನಿಂದ ಬರುವ ಉಪ್ಪು ಸಾಲದು ಅಂತ ನಾನೇ ಬಡಿಸಿದ್ದೆ.

ತೊಳೆಯುವುದರಷ್ಟೇ ಮುಖ್ಯ ಅಕ್ಟೋಬರಿನ ಎಣ್ಣೆ ಸ್ನಾನ. ಅಪ್ಪಯ್ಯ ಮಳೆಗಾಲಕ್ಕೆ ಮುಂಚೆ ಟೆಂಪೋದ ಅಡಿಗೆ ಸುಟ್ಟ ಎಂಜಿನ್ ಆಯಿಲ್‌ಗೆ ಡೀಸೆಲ್ ಬೆರೆಸಿ ಬ್ರಷ್‌ನಲ್ಲಿ ಬಳಿಯುತ್ತಿದ್ದರು. ಅದು ನೆಲಕ್ಕೂ ನೀರಿಗೂ ಕೆಟ್ಟದ್ದು, ಅಲ್ಲೂ ಮಾಡಬಾರದು, ಇಲ್ಲಂತೂ ಬೇಡವೇ ಬೇಡ. ನಾನು ಬಳಸುವುದು ಕುರಿಯ ಉಣ್ಣೆಯಿಂದ ತೆಗೆಯುವ ಲ್ಯಾನೋಲಿನ್ ಎಣ್ಣೆ. ಗಾಡಿ ತೊಳೆದು ಎರಡು ದಿನ ಒಣಗಿಸಿ, ಚಾಸಿಯ ಒಳಗೂ ಹೊರಗೂ ಸ್ಪ್ರೇ ಮಾಡಿ, ಡಿಸ್ಕಿಗೆ, ಸೈಲೆನ್ಸರಿಗೆ, ರಬ್ಬರ್ ಬುಷ್‌ಗಳಿಗೆ ತಾಗದ ಹಾಗೆ ನೋಡಿಕೊಂಡರೆ ಆಯಿತು. ವಾರಗಟ್ಟಲೆ ಗ್ಯಾರೇಜಿನಲ್ಲಿ ಕುರಿ ವಾಸನೆ. ಹೆಂಡತಿ ಮೂಗು ಮುಚ್ಚುತ್ತಾಳೆ, ಆದರೆ ಪೆಡಲ್ ನೆಲಕ್ಕೆ ಹೋದದ್ದು ಅವಳಿಗೂ ನೆನಪಿದೆ, ಬೈಯುವುದಿಲ್ಲ. ಈಗಾಗಲೇ ತುಕ್ಕು ಹಿಡಿದ ಗಾಡಿಗೆ ಗಟ್ಟಿಯಾಗಿ ಒಣಗುವ ಕಪ್ಪು ರಬ್ಬರ್ ಕೋಟಿಂಗ್ ಹೊಡೆಸುವುದು ನನಗೆ ಒಪ್ಪಿಗೆ ಇಲ್ಲ. ಒಂದು ಸೀಳು ಬಿಟ್ಟರೆ ನೀರು ಒಳಗೇ ಕೂತು ತಿನ್ನುತ್ತದೆ, ಮೇಲೆ ಏನೂ ಕಾಣಿಸುವುದಿಲ್ಲ.

ಏಪ್ರಿಲಿನಲ್ಲಿ ಎರಡು ಮಳೆ ಬಂದು ರಸ್ತೆ ತೊಳೆದ ಮೇಲೆ ಹುಲ್ಲಿಗೆ ನೀರು ಹಾಯಿಸುವ ಸ್ಪ್ರಿಂಕ್ಲರನ್ನು ಗಾಡಿಯ ಅಡಿಗೆ ತಳ್ಳಿ ಅರ್ಧ ಗಂಟೆ ಬಿಡುತ್ತೇನೆ, ನಡುವೆ ಎರಡು ಮೂರು ಸಲ ಜಾಗ ಬದಲಾಯಿಸುತ್ತೇನೆ. ಪಕ್ಕದ ಮನೆಯವರು ಮೊದಲ ವರ್ಷ ಬಂದು ವಿಚಾರಿಸಿದರು. ಈ ವರ್ಷ ಸ್ಪ್ರಿಂಕ್ಲರ್ ಕೇಳಿಕೊಂಡು ಬಂದರು.

ಅದೇ ದಿನ ವೀಡಿಯೊ ಕಾಲ್ ಮಾಡಿ ಫೋನನ್ನು ಅಡಿಗೆ ಹಿಡಿದು ಅಪ್ಪಯ್ಯನಿಗೆ ಚಾಸಿ ತೋರಿಸಿದೆ. ಐದು ಚಳಿಗಾಲ ಕಂಡ ಗಾಡಿ, ಕಪ್ಪು ಬಣ್ಣ ಇನ್ನೂ ಹಾಗೇ ಇದೆ ಅಂತ ಸ್ವಲ್ಪ ಜಂಬ. ಅವರು ಕನ್ನಡಕ ಏರಿಸಿಕೊಂಡು ಪೂರ್ತಿ ನೋಡಿದರು. ಆಮೇಲೆ ಕೇಳಿದ್ದು ಒಂದೇ ಮಾತು: "ಸ್ಟೆಪ್ನಿ ಇಳಿಸಿ ನೋಡಿದ್ಯಾ?"

ನೋಡಿರಲಿಲ್ಲ. ಪಿಕಪ್‌ನ ಸ್ಟೆಪ್ನಿ ಹಿಂದೆ ಅಡಿಯಲ್ಲಿ ಉಕ್ಕಿನ ಹಗ್ಗದಲ್ಲಿ ನೇತಾಡುತ್ತಿರುತ್ತದೆ, ಐದು ವರ್ಷ ಅದಕ್ಕೆ ನಾನು ಕೈ ಹಾಕಿರಲಿಲ್ಲ. ಹ್ಯಾಂಡಲ್ ತಿರುಗಿಸಿದೆ, ಎರಡು ಇಂಚು ಇಳಿದು ಕಿರ್ ಅಂತ ನಿಂತಿತು. ಹಗ್ಗ ಪೂರ್ತಿ ಕೆಂಪು. ಮೂರು ದಿನ ಎಣ್ಣೆ ಕುಡಿಸಿ ಇಳಿಸಿದೆ, ಹೊಸ ಹಗ್ಗದ ಸೆಟ್ ತರಿಸಿದ್ದೇನೆ, ಬರುವ ಶನಿವಾರ ಹಾಕಬೇಕು.