ಅಯಾನ್ ಬೀಮ್ ಪಾಲಿಶ್, ಆಮೇಲೆ ತೆಳು ಲೇಪ

ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡುವ ಸ್ಯಾಂಪಲ್‌ನ ಒರಟು ಮೈಯನ್ನು ಅಯಾನ್ ಬೀಮ್ (ವಿದ್ಯುದಾವೇಶವಿರುವ ಪರಮಾಣುಗಳ ಕಿರಣ) ತಾನೇ ನುಣುಪು ಮಾಡುತ್ತದೆ ಅಂತ ಸುಮ್ನೆ ನಂಬಬೇಡಿ. ದೊಡ್ಡ ಗೀರುಗಳನ್ನು ಮೊದಲೇ ಉಜ್ಜಿ ತೆಗೆಯಬೇಕು. ನಾನು ಸಿಲಿಕಾನ್ ಕಾರ್ಬೈಡ್ ಕಾಗದದಿಂದ ಶುರು ಮಾಡಿ, 1 ಮೈಕ್ರಾನ್ ವಜ್ರದ ಪೇಸ್ಟ್‌ವರೆಗೆ ಹೋಗುತ್ತೇನೆ. ಆಮೇಲೆ ಚೆನ್ನಾಗಿ ತೊಳೆದು, ಪೂರ್ತಿ ಒಣಗಿಸುತ್ತೇನೆ. ತೇವ ಉಳಿದರೆ ಯಂತ್ರದೊಳಗೆ ನಿರ್ವಾತ ಬೇಗ ಸಿಗುವುದಿಲ್ಲ.

ಚಪ್ಪಟೆ ಮೈಗೆ ಆರ್ಗಾನ್ ಕಿರಣ ಸುಮಾರು 4 ಡಿಗ್ರಿ ಓರೆಯಲ್ಲಿ ಸವರಿಕೊಂಡು ಹೋಗಲಿ. ಮೊದಲು 5 ಕಿಲೋವೋಲ್ಟ್. ಕೊನೆಯ ಹತ್ತು ನಿಮಿಷ 2ಕ್ಕೆ ಇಳಿಸಿ. ಈ ಕೊನೆಯ ಹೆಜ್ಜೆ ನನಗೆ ತುಂಬಾ ಮುಖ್ಯ. ಜೋರು ಕಿರಣ ಮೇಲ್ಪದರದ ಹರಳಿನ ಜೋಡಣೆಯನ್ನೇ ಕೆಡಿಸಿರುತ್ತದೆ, ಮೆಲ್ಲನೆಯ ಕಿರಣ ಆ ಪದರವನ್ನು ಬಹುಮಟ್ಟಿಗೆ ತೆಗೆಯುತ್ತದೆ. ಸ್ಯಾಂಪಲ್ ತಿರುಗುತ್ತಲೇ ಇರಬೇಕು. ನಿಂತರೆ ಗಟ್ಟಿ ಕಣದ ಹಿಂದೆ ಪರದೆಯ ಮಡಿಕೆಯಂಥ ಗೆರೆಗಳು ಮೂಡುತ್ತವೆ. ಪ್ಲಾಸ್ಟಿಕ್ ಆದರೆ ತಂಪು ಮಾಡುವ ಸ್ಟೇಜ್ ಬಳಸಿ, ಬಿಸಿಗೆ ಕರಗಬಹುದು ಅಲ್ವಾ!

ಲೋಹಕ್ಕೆ ಸಾಮಾನ್ಯವಾಗಿ ಲೇಪ ಬೇಡ. ಕಲ್ಲು, ಸೆರಾಮಿಕ್, ಪ್ಲಾಸ್ಟಿಕ್‌ಗೆ ಬೇಕು, ಇಲ್ಲದಿದ್ದರೆ ವಿದ್ಯುದಾವೇಶ ಸೇರಿ ಚಿತ್ರ ಬೆಳ್ಳಗೆ ಉರಿಯುತ್ತದೆ. ಬರೀ ಚಿತ್ರ ಸಾಕಾದರೆ 5ರಿಂದ 10 ನ್ಯಾನೋಮೀಟರ್ ಚಿನ್ನ. ಯಾವ ಧಾತು ಇದೆ ಎಂದು ಎಕ್ಸ್-ರೇಯಿಂದ ತಿಳಿಯಬೇಕಾದರೆ ಇಂಗಾಲವನ್ನೇ ಹಾಕಿ. ಒಮ್ಮೆ ಜಿರ್ಕೋನಿಯಂ ಇರುವ ಜಿರ್ಕಾನ್ ಎಂಬ ಖನಿಜಕ್ಕೆ ಚಿನ್ನ ಹಾಕಿಬಿಟ್ಟಿದ್ದೆ. ಎಕ್ಸ್-ರೇ ನಕ್ಷೆಯಲ್ಲಿ ಚಿನ್ನದ ಶಿಖರ ಜಿರ್ಕೋನಿಯಂ ಶಿಖರದ ಪಕ್ಕಕ್ಕೇ ಬಂದು ಬೆರೆತುಹೋಯಿತು. ಇಡೀ ಸ್ಯಾಂಪಲ್ ಮತ್ತೆ ಪಾಲಿಶ್ ಮಾಡಬೇಕಾಯಿತು. ರಂಜಕ, ಗಂಧಕ ಹುಡುಕುವಾಗಲೂ ಇದೇ ತೊಂದರೆ. ಲೇಪ ಆದಮೇಲೆ ಸ್ಯಾಂಪಲ್‌ನಿಂದ ಸ್ಟಬ್‌ವರೆಗೆ (ಸ್ಯಾಂಪಲ್ ಅಂಟಿಸುವ ಲೋಹದ ಪೀಠ) ಬೆಳ್ಳಿ ಪೇಂಟಿನ ಒಂದು ಗೆರೆ ಎಳೆಯಿರಿ, ಅದು ಒಣಗುವವರೆಗೆ ಕಾಯಿರಿ.