ಶ್ರೀಲಂಕೆಗೆ ಒಂಬತ್ತು ಜನ, ಒಂದು ವ್ಯಾನು

ಚಿಕ್ಕಮಗಳೂರಿನಲ್ಲಿ ಟಿ.ಟಿ. (ಟೆಂಪೊ ಟ್ರಾವೆಲರ್) ಗಾಡಿ ಇಟ್ಟುಕೊಂಡು ಮುಳ್ಳಯ್ಯನಗಿರಿ, ಕೆಮ್ಮಣ್ಣುಗುಂಡಿ, ಬೇಲೂರು, ಹಳೇಬೀಡುಗಳಿಗೆ ಜನರನ್ನು ಕರೆದೊಯ್ಯುವುದು ನನ್ನ ಕಸುಬು. ಊರಿನ ಪರಿಚಯದವರೇ ಕೂಡಿ ಶ್ರೀಲಂಕೆಯನ್ನು ರಸ್ತೆಯಲ್ಲೇ ಸುತ್ತಿ ನೋಡಬೇಕೆಂದು ಕೇಳಿದ್ದರಿಂದ 2023ರಲ್ಲಿ ಒಮ್ಮೆ, 2024ರಲ್ಲಿ ಇನ್ನೊಮ್ಮೆ ಸಣ್ಣ ಗುಂಪುಗಳನ್ನು ಅಲ್ಲಿಗೆ ಕರೆದುಕೊಂಡು ಹೋದೆ. ಮೊದಲ ಪ್ರವಾಸ ಮುಗಿಯುವಾಗ ನನ್ನ ಮೇಲೆ ಎಲ್ಲರಿಗೂ ಸಣ್ಣ ಮುನಿಸಿತ್ತು; ಅದಕ್ಕೆ ಕಾರಣವಾದ ತಪ್ಪು ನನ್ನದೇ.

ಕೊಟ್ಟಿಗೆಹಾರದಿಂದ ಉಜಿರೆಗೆ ಎಷ್ಟು ಕಿಲೋಮೀಟರು ಎಂದು ನಮ್ಮಲ್ಲಿ ಯಾರೂ ಕೇಳುವುದಿಲ್ಲ, ಎಷ್ಟು ಹೊತ್ತು ಬೇಕು ಎಂದೇ ಕೇಳುತ್ತಾರೆ. ಚಾರ್ಮಾಡಿ ಘಾಟಿಯನ್ನು ನೂರಾರು ಸಲ ಇಳಿದಿರುವ ನಾನು ಪರದೇಶದ ನಕ್ಷೆ ಬಿಡಿಸಿಕೊಂಡು ಕುಳಿತಾಗ ಮಾತ್ರ ಈ ತಿಳಿವಳಿಕೆಯನ್ನು ಮರೆತು ಕಿಲೋಮೀಟರುಗಳನ್ನು ಕೂಡಿಸಿದೆ. ಕ್ಯಾಂಡಿಯಿಂದ ನುವಾರ ಎಲಿಯಕ್ಕೆ ಇರುವುದು ಸುಮಾರು 80 ಕಿಲೋಮೀಟರು. ರಂಬೊಡದ ತಿರುವುಗಳನ್ನು ಹತ್ತಿ, ಒಂದು ಕಡೆ ಚಹಾಕ್ಕೆ ನಿಲ್ಲಿಸಿ, ಇಬ್ಬರಿಗೆ ವಾಂತಿಯಾಗಿ, ಮೇಲೆ ಮುಟ್ಟುವಷ್ಟರಲ್ಲಿ ನಾಲ್ಕು ಗಂಟೆ ಕಳೆದಿತ್ತು. ಏಳು ದಿನಗಳಲ್ಲಿ ಅನುರಾಧಪುರದಿಂದ ಗಾಲೆಯವರೆಗೆ ಎಲ್ಲವನ್ನೂ ತುರುಕಿದ್ದರಿಂದ ಪ್ರತಿದಿನವೂ ಕತ್ತಲಾದ ಮೇಲೆಯೇ ಕೋಣೆ ಸೇರುತ್ತಿದ್ದೆವು. ಹಬರಣದ ಸುತ್ತಿನ ರಸ್ತೆಗಳಿಗೆ ರಾತ್ರಿ ಕಾಡಾನೆಗಳು ಬರುವುದರಿಂದ ಅಲ್ಲಿ ಕತ್ತಲಲ್ಲಿ ಓಡಾಡುವುದು ಜಾಣತನವಲ್ಲ. ಸಕಲೇಶಪುರ, ಮೂಡಿಗೆರೆ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದ್ದರಿಂದ ಎರಡನೆಯ ಸಲ ದಿನಕ್ಕೆ ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ವ್ಯಾನಿನಲ್ಲಿ ಕೂರಿಸುವುದಿಲ್ಲವೆಂಬ ಕಟ್ಟಳೆ ಹಾಕಿಕೊಂಡು, ಒಂಬತ್ತು ರಾತ್ರಿಗಳನ್ನು ಹೀಗೆ ಹಂಚಿದೆ: ಸಿಗಿರಿಯಾದಲ್ಲಿ ಎರಡು, ಕ್ಯಾಂಡಿಯಲ್ಲಿ ಎರಡು, ನುವಾರ ಎಲಿಯದಲ್ಲಿ ಒಂದು, ಎಲ್ಲದಲ್ಲಿ ಎರಡು, ಗಾಲೆಯಲ್ಲಿ ಒಂದು, ವಿಮಾನ ನಿಲ್ದಾಣಕ್ಕೆ ಹತ್ತಿರವಾದ ನೆಗೊಂಬೊದಲ್ಲಿ ಕೊನೆಯದು. ‘ಎಲ್ಲ’ ಎಂಬುದು ಊರಿನ ಹೆಸರೆಂದು ಗುಂಪಿನ ಅಜ್ಜಿಯೊಬ್ಬರಿಗೆ ಅಲ್ಲಿ ತಲುಪುವವರೆಗೂ ನಂಬಿಕೆ ಬರಲಿಲ್ಲ, “ಎಲ್ಲಕ್ಕೆ ಅಂದರೆ ಎಲ್ಲಿಗೆ ಮಾರಾಯ?” ಎಂದು ಅವರು ಕೇಳುತ್ತಲೇ ಇದ್ದರು. ಎಲ್ಲದಿಂದ ಗಾಲೆಗೆ ಇಳಿಯುವ ದಿನ ಮಾತ್ರ ಕಟ್ಟಳೆ ಮುರಿದು ಐದು ಗಂಟೆಯ ಮೇಲೆ ಹಿಡಿಯಿತು. ಕೊನೆಯ ಭಾಗದಲ್ಲಿ ದಕ್ಷಿಣದ ಎಕ್ಸ್‌ಪ್ರೆಸ್ ಹೆದ್ದಾರಿ ಸಿಗುವುದರಿಂದ ಯಾರಿಗೂ ಅಷ್ಟಾಗಿ ಆಯಾಸವಾಗಲಿಲ್ಲ. ಅನುರಾಧಪುರವನ್ನು ಬಿಟ್ಟದ್ದಕ್ಕೆ ನನಗೆ ಈಗಲೂ ವ್ಯಸನವಿದೆ, ಆದರೆ ಬೇರೆ ದಾರಿ ಇರಲಿಲ್ಲ.

ಕಾಲದ ಆಯ್ಕೆಯನ್ನು ಕಾಫಿಯೇ ಮಾಡಿತು. ಅರೇಬಿಕಾ ಕೊಯ್ಲು ಮುಗಿದು, ಕಾಫಿ ಹೂ ಅರಳಿಸುವ ಹೂಮಳೆಯ ಎಣಿಕೆ ಇನ್ನೂ ಶುರುವಾಗದ ಫೆಬ್ರವರಿಯಲ್ಲಿ ನಮ್ಮ ಬೆಳೆಗಾರರಿಗೆ ಬಿಡುವು ಸಿಗುತ್ತದೆ, ದ್ವೀಪದ ನೈಋತ್ಯ ಭಾಗಕ್ಕೂ ಆಗ ಒಣ ಕಾಲ. ಅಲ್ಲಿ ಎರಡು ಮಳೆಗಾಲಗಳಿವೆ. ಮೇಯಿಂದ ಸೆಪ್ಟೆಂಬರ್‌ವರೆಗೆ ಪಶ್ಚಿಮ ಮತ್ತು ದಕ್ಷಿಣ ಭಾಗ ನೆನೆಯುತ್ತದೆ, ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ ಉತ್ತರ ಮತ್ತು ಪೂರ್ವ. ಪೂರ್ವ ಕರಾವಳಿಯ ಟ್ರಿಂಕೋಮಲಿಯ ಕಡಲನ್ನು ನೋಡಬೇಕೆನ್ನುವವರು ಹಾಗಾಗಿ ನನ್ನ ಗುಂಪಿಗೆ ಸೇರಬಾರದು.

ವ್ಯಾನು ಅಲ್ಲಿಯವರು ಕೆಡಿಎಚ್ ಎಂದು ಕರೆಯುವ ಟೊಯೊಟಾ ಹೈಏಸ್. ಹದಿನಾಲ್ಕು ಜನ ಕೂರಬಹುದೆಂದು ಹೇಳಿದರೂ ಒಂಬತ್ತಕ್ಕೆ ನಿಲ್ಲಿಸಿ, ಹಿಂದಿನ ಸಾಲನ್ನು ಪೂರ್ತಿಯಾಗಿ ಸಾಮಾನಿಗೆ ಬಿಟ್ಟೆ. ತಲೆ ಸುತ್ತುವವರು ಮುಂದೆ, ಉಳಿದವರು ದಿನಕ್ಕೊಂದು ಸಾಲು ಬದಲಾಯಿಸುವುದು ಎಂಬ ನಿಯಮವನ್ನು ಹೊರಡುವ ಮೊದಲೇ ಹೇಳಿದ್ದರಿಂದ ಕಿಟಕಿಯ ಜಗಳವಾಗಲಿಲ್ಲ. ನಮ್ಮಂತೆಯೇ ಎಡಗಡೆಯ ಸಂಚಾರವಾದರೂ ನಾನು ಸ್ಟಿಯರಿಂಗ್ ಮುಟ್ಟಲಿಲ್ಲ, ಸ್ಥಳೀಯ ಚಾಲಕರೇ ಓಡಿಸಿದರು. ಮೊದಲ ಸಲ ಡೀಸೆಲ್ಲನ್ನು ಕ್ಯೂಆರ್ ಕೋಡ್ ತೋರಿಸಿ ವಾರದ ಪಾಲಿನ ಲೆಕ್ಕದಲ್ಲಿ ಹಾಕಿಸಿಕೊಳ್ಳಬೇಕಿದ್ದ ಕಾಲದಲ್ಲಿ ಬಂಕುಗಳ ಚಿಂತೆಯನ್ನೆಲ್ಲ ಚಾಲಕರೇ ಹೊತ್ತುಕೊಂಡಿದ್ದರು.

ಚಾಲಕರ ವಿಷಯದಲ್ಲಿ ಎರಡು ಮಾತನ್ನು ಮೊದಲೇ ತೀರ್ಮಾನಿಸಿಕೊಳ್ಳಬೇಕು. ದೊಡ್ಡ ಹೋಟೆಲುಗಳಲ್ಲಿ ಅವರಿಗೆ ಮಲಗಲು ಜಾಗ, ಊಟ ಸಾಮಾನ್ಯವಾಗಿ ಸಿಗುತ್ತದೆ. ಹೋಂಸ್ಟೇಗಳಲ್ಲಿ ಅದನ್ನು ಕೇಳಿ ಖಚಿತಪಡಿಸಿಕೊಳ್ಳದಿದ್ದರೆ ಅವರು ವ್ಯಾನಿನ ಸೀಟಿನ ಮೇಲೆಯೇ ರಾತ್ರಿ ಕಳೆಯಬೇಕಾಗುತ್ತದೆ. ಎಷ್ಟೋ ರಾತ್ರಿ ಹಾಗೆ ಮಲಗಿರುವ ನನಗೆ ಮರುದಿನ ಬೆಳಿಗ್ಗೆ ಘಾಟಿಯ ತಿರುವಿನಲ್ಲಿ ಕಣ್ಣು ಹೇಗೆ ಎಳೆಯುತ್ತದೆಂಬುದು ಗೊತ್ತು. ಇನ್ನೊಂದು, ಅಂಗಡಿ, ತೋಟಗಳವರು ಚಾಲಕರಿಗೆ ಕೊಡುವ ಕಮಿಷನ್ನಿನ ವಿಚಾರ. ಮೊದಲ ಪ್ರವಾಸದಲ್ಲಿ ಮಾತಲೆಯ ದಾರಿಯ ಸಾಂಬಾರ ತೋಟವೊಂದಕ್ಕೆ ಕರೆದೊಯ್ದು, ತಲೆಮಾರುಗಳಿಂದ ಮೆಣಸು, ಏಲಕ್ಕಿ ಬೆಳೆಯುತ್ತಿರುವ ನಮ್ಮವರಿಗೇ ಮೆಣಸಿನ ಬಳ್ಳಿಯನ್ನು ತೋರಿಸಿ ಒಂದೂವರೆ ಗಂಟೆ ಕಳೆದರು. ಎರಡನೆಯ ಸಲ ಅಂಗಡಿ ಮತ್ತು ತೋಟಗಳ ನಿಲುಗಡೆ ಬೇಡವೆಂದು ಮೊದಲ ದಿನವೇ ತಿಳಿಸಿ, ಅದರ ಬದಲಿಗೆ ದಿನದ ಬಾಟಾ (ಭತ್ಯೆ) ಹೆಚ್ಚಿಸಿ ಕೊಟ್ಟೆ.

ಊಟಕ್ಕೆ ನಾನು ಹೆಚ್ಚು ಗಮನ ಕೊಡಬೇಕಾಯಿತು, ಏಕೆಂದರೆ ಒಂಬತ್ತರಲ್ಲಿ ಐವರು ಸಸ್ಯಾಹಾರಿಗಳು. ಅನ್ನದ ಜೊತೆ ಬೇಳೆಯ ಪರಿಪ್ಪು, ಬದನೆ, ಹಲಸಿನ ಗುಜ್ಜೆಯ ಪಲ್ಯಗಳು ಧಾರಾಳವಾಗಿ ಬರುತ್ತವೆ. ಅಪಾಯವಿರುವುದು ತೆಂಗಿನಕಾಯಿ ಚಟ್ನಿಯಂತೆ ಕಾಣುವ ಪೊಲ್ ಸಂಬೊಲದಲ್ಲಿ. ಅದಕ್ಕೆ ಒಣಮೀನಿನ ಚೂರುಗಳನ್ನು ಸೇರಿಸಿ ಕುಟ್ಟುವ ರೂಢಿಯಿದೆ, ಅದನ್ನು ಉಂಬಲಕಡ ಎನ್ನುತ್ತಾರೆ. ‘ಮಸ್ ಮಾಳು ಎಪಾ’, ಅಂದರೆ ಮಾಂಸ, ಮೀನು ಬೇಡ ಎಂಬ ಮಾತನ್ನು ಎಲ್ಲರಿಗೂ ಬಾಯಿಪಾಠ ಮಾಡಿಸಿದ್ದೆ. ಅದರ ಜೊತೆಗೆ ಉಂಬಲಕಡದ ಹೆಸರನ್ನೂ ಬಿಡಿಯಾಗಿ ಹೇಳಿದರೆ ಮಾತ್ರ ಸಂಬೊಲ ಶುದ್ಧವಾಗಿ ಬರುತ್ತಿತ್ತು. ಬೆಳಗಿನ ತಿಂಡಿಗೆ ತೊಂದರೆಯಾಗಲಿಲ್ಲ. ಇಂದಿಆಪ್ಪ ನಮ್ಮ ಒತ್ತು ಶಾವಿಗೆಯೇ. ಎಮ್ಮೆ ಮೊಸರಿನ ಮೇಲೆ ಸುರಿದು ಕೊಡುವ ಕಿತುಳ್ ಪಾಕವು ಮಲೆನಾಡಿನ ಬಗನಿ ಮರದ ಜಾತಿಯದೇ ಮರದಿಂದ ಇಳಿಸಿ ಕುದಿಸಿದ್ದೆಂದು ತಿಳಿದ ಮೇಲೆ ಅದಕ್ಕೆ ಬೇಡಿಕೆ ಹೆಚ್ಚಾಯಿತು. ಕಾಫಿಪುಡಿ ಮತ್ತು ಸಣ್ಣ ಫಿಲ್ಟರನ್ನು ಮಾತ್ರ ಮನೆಯಿಂದ ಒಯ್ದಿದ್ದೆವು.

ಕಾಫಿಯ ಮಾತು ಬಂದದ್ದರಿಂದ ಇಷ್ಟನ್ನು ಸೇರಿಸುತ್ತೇನೆ. ನುವಾರ ಎಲಿಯದ ದಾರಿಯುದ್ದಕ್ಕೂ ಕಾಣುವ ಚಹಾ ತೋಟಗಳಿರುವ ಬೆಟ್ಟಗಳಲ್ಲಿ ಒಂದು ಕಾಲಕ್ಕೆ ಕಾಫಿ ಬೆಳೆಯುತ್ತಿತ್ತು. 1869ರಲ್ಲಿ ಎಲೆ ತುಕ್ಕು ರೋಗ ಕಾಣಿಸಿಕೊಂಡು ಮುಂದಿನ ಎರಡು ದಶಕಗಳಲ್ಲಿ ಕಾಫಿ ಹಾಳಾಯಿತು. ಅದಕ್ಕೆ ಎರಡು ವರ್ಷ ಮೊದಲು ಜೇಮ್ಸ್ ಟೇಲರ್ ಎಂಬಾತ ಲೂಲ್‌ಕಂದುರದಲ್ಲಿ ನೆಟ್ಟಿದ್ದ ಚಹಾ ಆ ಜಾಗವನ್ನು ಹಿಡಿಯಿತು. ಇದೇ ರೋಗ ತಡೆಯಲು ವರ್ಷ ವರ್ಷವೂ ಬೋರ್ಡೋ ದ್ರಾವಣ ಸಿಂಪಡಿಸುವ ನಮ್ಮ ಗುಂಪಿನ ಬೆಳೆಗಾರರೊಬ್ಬರು ಇದನ್ನು ಕೇಳಿ ಅರ್ಧ ಗಂಟೆ ಮಾತಿಲ್ಲದೆ ಕುಳಿತರು.

ಸಿಗಿರಿಯಾದ ಬಂಡೆಗೆ ಸುಮಾರು 1,200 ಮೆಟ್ಟಿಲು. ಬಾಗಿಲು ತೆರೆಯುವ ಹೊತ್ತಿಗೇ ಹೋಗಿ, ಬಿಸಿಲೇರುವ ಮೊದಲು ಇಳಿದೆವು. ಮಂಡಿನೋವಿನ ಇಬ್ಬರನ್ನು ಕೆಳಗಿನ ಉದ್ಯಾನದಲ್ಲೇ ಉಳಿಸಿದೆ. ಭಾರತವೂ ಸೇರಿದ ಸಾರ್ಕ್ ಕೂಟದ ದೇಶದವರಿಗೆ ಪ್ರವೇಶ ದರದಲ್ಲಿ ರಿಯಾಯಿತಿಯಿದೆ, ಆದರೆ ಪಾಸ್‌ಪೋರ್ಟ್ ಕೈಯಲ್ಲಿರಬೇಕು, ಕೋಣೆಯ ಪೆಟ್ಟಿಗೆಯಲ್ಲಲ್ಲ. ಬುದ್ಧನ ವಿಗ್ರಹಕ್ಕೆ ಬೆನ್ನು ಹಾಕಿ ಫೋಟೋ ತೆಗೆಸಿಕೊಳ್ಳುವುದು ಅಲ್ಲಿ ಅಪಚಾರವೆನಿಸುತ್ತದೆ ಎಂಬುದನ್ನು ದಂಬುಳ್ಳದ ಗುಹೆಗಳಿಗೆ ಹೋಗುವ ಮುನ್ನ ಹೇಳಿಬಿಡಬೇಕು.

ಪಂಚಾಂಗ ನೋಡದೆ ಕ್ಯಾಂಡಿಗೆ ಹೋಗಬಾರದು. ಪ್ರತಿ ಹುಣ್ಣಿಮೆಯೂ ಅಲ್ಲಿ ಪೋಯ ಎಂಬ ಸರ್ಕಾರಿ ರಜೆ, ಅಂದು ಮದ್ಯದ ಮಾರಾಟವಿಲ್ಲ; ನನ್ನ ಗುಂಪಿನ ಇಬ್ಬರು ಯಜಮಾನರಿಗೆ ಇದು ಸಂಜೆಯಷ್ಟೇ ಗೊತ್ತಾಗಿ ಅವರ ಮುಖ ಬಾಡಿತು. ಆ ದಿನ ಬುದ್ಧನ ಹಲ್ಲನ್ನು ಇಟ್ಟು ಪೂಜಿಸುವ ದಂತ ದೇಗುಲದಲ್ಲಿ ಸೇರುವ ಬಿಳಿ ಬಟ್ಟೆಯ ಜನಸಂದಣಿ ನೋಡತಕ್ಕದ್ದೇ, ಆದರೆ ವಯಸ್ಸಾದವರನ್ನು ಆ ಸಾಲಿನಲ್ಲಿ ನಿಲ್ಲಿಸುವುದು ಕಷ್ಟ.

ನುವಾರ ಎಲಿಯದ ಹತ್ತಿರದ ‘ನಾನುಓಯ’ ಎಂಬ ನಿಲ್ದಾಣದಿಂದ ಎಲ್ಲದವರೆಗೆ ರೈಲಿನಲ್ಲಿ ಹೋದೆವು; ವ್ಯಾನು ಸಾಮಾನಿನೊಂದಿಗೆ ರಸ್ತೆಯಲ್ಲಿ ಬಂದು ಎದುರುಗೊಂಡಿತು. ಕಾದಿರಿಸಿದ ಸೀಟುಗಳು ತಿಂಗಳ ಮೊದಲೇ ಮುಗಿದುಹೋಗುತ್ತವೆ. ಮೊದಲ ಸಲ ಏಜೆಂಟರೊಬ್ಬರ ಮಾತು ನಂಬಿ, ಮೂರು ಗಂಟೆಯ ದಾರಿಯಲ್ಲಿ ಎಲ್ಲರನ್ನೂ ನಿಲ್ಲಿಸಿಕೊಂಡು ಹೋಗಿದ್ದೆ.

ಹಣದ ಲೆಕ್ಕವನ್ನು ಗುಂಪಿನ ನಿವೃತ್ತ ಮೇಷ್ಟ್ರಿಗೆ ಒಪ್ಪಿಸಿದ್ದೆ. ಪ್ರತಿಯೊಬ್ಬರೂ ಹಾಕಿದ ಸಮಪಾಲಿನಿಂದ ಎಳನೀರು, ಚಹಾ, ಶೌಚಾಲಯದ ಚಿಲ್ಲರೆ, ಟಿಪ್ಸು ಎಲ್ಲವೂ ಹೋಗುತ್ತಿತ್ತು. ರಾತ್ರಿ ಊಟದ ನಂತರ ಅವರು ಅದನ್ನು ಗಟ್ಟಿಯಾಗಿ ಓದುತ್ತಿದ್ದರು. ಬೆಂಗಳೂರಿನಿಂದ ಹಿಂತಿರುಗುವಾಗ ಹಾಸನದಲ್ಲಿ ತಿಂಡಿಗೆ ನಿಲ್ಲಿಸಿದಾಗ ಕೊನೆಯ ಪುಟವನ್ನು ಓದಿ, ಉಳಿದದ್ದನ್ನು ಒಂಬತ್ತು ಪಾಲು ಮಾಡಿ ಇಡ್ಲಿ ತಟ್ಟೆಯ ಪಕ್ಕದಲ್ಲಿಟ್ಟರು.