8 ವ್ಯಾಟ್ ಟ್ಯೂಬ್‌ಲೈಟಿನಲ್ಲಿ ಟ್ಯೂನ್ ಆಗುವ ನಾಚ್ ಫಿಲ್ಟರ್: ನನ್ನ ಅನುಭವ

ನಾಚ್ ಫಿಲ್ಟರ್ ಎಂದರೆ ಒಂದು ಫ್ರೀಕ್ವೆನ್ಸಿಯ ಸುತ್ತಲಿನ ಸಿಗ್ನಲನ್ನಷ್ಟೇ ತಡೆದು ಉಳಿದದ್ದನ್ನು ಬಿಡುವ ಸಾಧನ. ಉರಿಯುವ ಟ್ಯೂಬಿನೊಳಗಿನ ಪ್ಲಾಸ್ಮಾದಲ್ಲಿ (ಕರೆಂಟ್ ಹರಿಯುವ ಗ್ಯಾಸ್) ಲಾಸ್ ಜಾಸ್ತಿ, ಇದರಲ್ಲಿ ಫಿಲ್ಟರ್ ಆಗದು ಎಂದವರೇ ಹೆಚ್ಚು. ಈಗ ಟ್ಯೂಬಿನ ಕರೆಂಟಿನ ಒಂದೇ ನಾಬ್ ತಿರುಗಿಸಿದರೆ ನಾಚ್ 2.6ರಿಂದ 3.8 ಗಿಗಾಹರ್ಟ್ಸ್‌ವರೆಗೆ ಸರಿಯುತ್ತದೆ.

ಮೊದಲು ಕೈಕೊಟ್ಟವು. ಹಳೆಯ ಮಾನಿಟರಿನ ಪರದೆ ಬೆಳಗುವ ತೆಳ್ಳನೆಯ ಸಿಸಿಎಫ್‌ಎಲ್ ಟ್ಯೂಬಿನಲ್ಲಿ ಗ್ಯಾಸ್ ಒತ್ತಡ ಹತ್ತಾರು ಟಾರ್. ಎಲೆಕ್ಟ್ರಾನುಗಳ ಡಿಕ್ಕಿ ವಿಪರೀತ, ನಾಚ್ ಮೂಡಿಸುವ ರೆಸೊನೆನ್ಸ್ (ಒಂದು ಫ್ರೀಕ್ವೆನ್ಸಿಗೆ ಎಲೆಕ್ಟ್ರಾನುಗಳು ಜೋರಾಗಿ ತೂಗಾಡುವುದು) ಗುರುತೇ ಸಿಗದಷ್ಟು ಹರಡಿಕೊಂಡಿತ್ತು. ಆಮೇಲೆ 16 ಮಿ.ಮೀ. ದಪ್ಪದ 8 ವ್ಯಾಟಿನ ಟಿ5 ಟ್ಯೂಬನ್ನು ಡಬ್ಲ್ಯುಆರ್-284 ವೇವ್‌ಗೈಡಿನ (ಮೈಕ್ರೋವೇವ್ ಸಾಗುವ ಆಯತಾಕಾರದ ಲೋಹದ ಕೊಳವೆ) ಅಗಲ ಗೋಡೆಗಳ ಮೂಲಕ ತೂರಿಸಿದೆ. ಅದೂ ತಪ್ಪು. ವಿದ್ಯುತ್ ಕ್ಷೇತ್ರಕ್ಕೆ ಸಮಾಂತರವಾಗಿ ನಿಂತ ಟ್ಯೂಬ್ ಬರೀ ಕಂಬ, ಸಿಗ್ನಲ್ ಕುಗ್ಗುತ್ತದೆ ಅಷ್ಟೆ. ಕಿರಿದಾದ ಗೋಡೆಗಳಲ್ಲಿ ತೂತು ಕೊರೆದು ಅಡ್ಡ ಮಲಗಿಸಿದ ಮೇಲೆಯೇ ನಾಚ್ ಕಂಡಿದ್ದು. ಅಷ್ಟರಲ್ಲಿ ಎರಡು ಗೈಡ್ ಹಾಳು. ದುಡ್ಡೆಲ್ಲ ಹೋದದ್ದು ಅಲ್ಲೇ, ಟ್ಯೂಬಿನ ಬೆಲೆ ಲೆಕ್ಕಕ್ಕಿಲ್ಲ.

ಸಿಗ್ನಲ್ ಸೋರದಂತೆ ಎರಡೂ ಗೋಡೆಗಳ ತೂತುಗಳಿಗೆ ಹೊರಗಿನಿಂದ 20 ಮಿ.ಮೀ. ಒಳವ್ಯಾಸದ, 60 ಮಿ.ಮೀ. ಉದ್ದದ ಹಿತ್ತಾಳೆ ಕೊಳವೆ ಬೆಸೆಯಿರಿ. ಟ್ಯೂಬ್ ನಡುವಿನಲ್ಲೇ ಇರಬೇಕು. ಓರೆಯಾದರೆ ಪ್ಲಾಸ್ಮಾವೇ ಕೋಆಕ್ಸಿಯಲ್ ಕೇಬಲಿನ ಒಳತಂತಿಯಂತಾಗಿ ಸಿಗ್ನಲ್ ಹೊರಗೆ ಸೋರುತ್ತದೆ.

ಚೋಕ್ ಬೇಡ, ಪ್ರತಿ ಸೈಕಲ್‌ಗೆ ಎರಡು ಸಲ ಕರೆಂಟ್ ಏರಿಳಿದು ನಾಚ್ ಅಲೆದಾಡುತ್ತದೆ. ಸ್ಥಿರ ಕರೆಂಟಿನ ಡಿಸಿ ಕೊಡಿ. ಫಿಲಮೆಂಟ್ ಬಿಸಿ ಮಾಡಲು ಬೇರೆ ಸಪ್ಲೈ ಬೇಕು, ಇಲ್ಲದಿದ್ದರೆ ಕಡಿಮೆ ಕರೆಂಟಿನಲ್ಲಿ ಲೇಪ ಉದುರಿ ತುದಿ ಕಪ್ಪಾಗುತ್ತದೆ. ನನ್ನ ನೆನಪಿನಂತೆ 60 ಮಿಲಿಆಂಪಿಗೆ 2.6, 80ಕ್ಕೆ 3, 130ಕ್ಕೆ 3.8 ಗಿಗಾಹರ್ಟ್ಸ್. ಕರೆಂಟಿನ ವರ್ಗಮೂಲದ ಹಾದಿಯಲ್ಲೇ ನಾಚ್ ಹೋಗುತ್ತದೆ. ಕಾಲು ಗಂಟೆ ಉರಿದು ಟ್ಯೂಬ್ ಹದಕ್ಕೆ ಬರುವ ಮುನ್ನ ಅಳೆದದ್ದನ್ನು ನಂಬಬೇಡಿ, ಪಾದರಸದ ಆವಿ ಏರುತ್ತಲೇ ಇರುತ್ತದೆ. ಡಿಸಿಯಲ್ಲಿ ಆ ಪಾದರಸ ಕ್ಯಾಥೋಡ್ ಕಡೆ ಜಮೆಯಾಗುವುದರಿಂದ ಆಗಾಗ ಪ್ಲಸ್-ಮೈನಸ್ ಅದಲುಬದಲು ಮಾಡಬೇಕು. ನಾಚ್ ಜಿಗಿಯದಂತೆ ಅದಲುಬದಲು ಮಾಡುವ ಉಪಾಯವನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಒಂದು ಟ್ಯೂಬಿನಿಂದ ಸುಮಾರು 12 ಡೆಸಿಬೆಲ್ ಆಳ ಸಿಕ್ಕಿತು. 104 ಮಿ.ಮೀ. ದೂರದಲ್ಲಿ, ಅಂದರೆ 3 ಗಿಗಾಹರ್ಟ್ಸ್‌ನಲ್ಲಿ ಮುಕ್ಕಾಲು ಗೈಡ್ ತರಂಗಾಂತರದಲ್ಲಿ, ಇನ್ನೊಂದು ಸೇರಿಸಿದಾಗ 25 ದಾಟಿತು. ಫ್ರೀಕ್ವೆನ್ಸಿ ಬದಲಿಸದೆ ಕರೆಂಟ್ ಮಾತ್ರ ಇಳಿಸುತ್ತಾ ಬನ್ನಿ, ಮುಖ್ಯ ನಾಚಿಗಿಂತ ಕಡಿಮೆ ಕರೆಂಟಿನಲ್ಲಿ ಚಿಕ್ಕಚಿಕ್ಕ ಗುಂಡಿಗಳು ಸಾಲಾಗಿ ಬರುತ್ತವೆ. ಅವು ಟಾಂಕ್ಸ್-ಡಾಟ್ನರ್ ರೆಸೊನೆನ್ಸ್‌ಗಳು, ಅಂದರೆ ಪ್ಲಾಸ್ಮಾದೊಳಗೇ ನಿಂತಾಡುವ ಎಲೆಕ್ಟ್ರಾನ್ ಅಲೆಗಳು. ಫಿಲ್ಟರಿಗೆ ಉಪಯೋಗವಿಲ್ಲ, ಆದರೆ ನೋಡಲು ಬಲು ಚೆಂದ.

ಕ್ಯಾರಿಯರಿನ (ಕಳುಹಿಸಿದ ಮೂಲ ಸಿಗ್ನಲ್) ಎರಡೂ ಬದಿ ಕೆಲವು ಕಿಲೋಹರ್ಟ್ಸ್ ದೂರದಲ್ಲಿ ಮುಳ್ಳುಗಳೆದ್ದರೆ ಸಪ್ಲೈ ಬಿಚ್ಚಬೇಡಿ. ಅದು ಟ್ಯೂಬಿನೊಳಗೆ ಓಡುವ ಪಟ್ಟೆಗಳ ಕೆಲಸ, ಕರೆಂಟನ್ನು ಮೂರ್ನಾಲ್ಕು ಮಿಲಿಆಂಪ್ ಸರಿಸಿದರೆ ಹೋಗುತ್ತದೆ. ಈ ಫಿಲ್ಟರನ್ನು ರಿಸೀವರಿನ ಎಲ್‌ಎನ್‌ಎಗಿಂತ (ದುರ್ಬಲ ಸಿಗ್ನಲನ್ನು ಹಿಗ್ಗಿಸುವ ಕಡಿಮೆ ನಾಯ್ಸಿನ ಆಂಪ್ಲಿಫೈಯರ್) ಮುಂಚೆ ಮಾತ್ರ ಹಾಕಬೇಡಿ, ಟ್ಯೂಬೇ ನಾಯ್ಸ್ ಸೇರಿಸುತ್ತದೆ. ಇದೇ ಟ್ಯೂಬನ್ನು ಹಿಂದೆ ಮೈಕ್ರೋವೇವ್ ನಾಯ್ಸ್ ಸೋರ್ಸ್ ಆಗಿ ಬಳಸುತ್ತಿದ್ದರು, ಎಲೆಕ್ಟ್ರಾನುಗಳ ತಾಪ ಹತ್ತು ಸಾವಿರ ಕೆಲ್ವಿನ್ ಮೀರುತ್ತದೆ. ಎಲ್‌ಎನ್‌ಎ ಆದ ಮೇಲೆ ಹಾಕಿ.